ಕಾಗೆ ಮುಟ್ಟಿದ ತಲೆ

ಕಾಗೆಯನ್ನು ಗುರುತಿಸುವುದಕ್ಕೆ ಯಾವ ವಿದ್ಯೆ ಬೇಕು ಎಂದು ನೀವು ಕೇಳಬಹುದು. ಕಪ್ಪಗಿದ್ದು ‘ಕಾ’ ಎಂದರೆ ಕಾಗೆ. ಮುಗಿಯಿತು! ನಾನೂ ಹಾಗೆಯೇ ತಿಳಿದಿದ್ದೆ. ಸಾಲದ್ದಕ್ಕೆ, ಕಾಗೆಗಳ ವಿಷಯದಲ್ಲಿ ನನ್ನಷ್ಟು ಬಲ್ಲವನು ರಾಣೆಬೆನ್ನೂರಿನಲ್ಲಿ ಇನ್ನೊಬ್ಬನಿಲ್ಲ ಎಂದೂ ತಿಳಿದಿದ್ದೆ. ಕಾಗೆಗಳೂ ನನ್ನನ್ನು ಗುರುತಿಸಬಲ್ಲವು ಎಂಬುದು ಮಾತ್ರ ತಲೆಗೆ ಹೊಳೆದಿರಲಿಲ್ಲ. ಕೊನೆಗೆ ಪೆಟ್ಟು ಬಿದ್ದದ್ದೂ ಆ ತಲೆಗೇ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಊರಿನ ಒಂದು ಬೀಜದ ಕಂಪನಿಯಲ್ಲಿ ಗುಮಾಸ್ತ. ಸ್ಟೇಷನ್ ಕಡೆಯ ಒಂದು ಓಣಿಯಲ್ಲಿ ಬಾಡಿಗೆ ಮನೆ. ಮನೆಯಲ್ಲಿ ನಾನು, ಹೆಂಡತಿ ಗಿರಿಜಾ ಮತ್ತು ಅವ್ವ. ಮನೆಯ ಮೇಲೆ ಮಾಳಿಗೆ, ಮಾಳಿಗೆಗೆ ಆತುಕೊಂಡು ಒಂದು ದೊಡ್ಡ ಬೇವಿನ ಮರ, ಮರದ ತುಂಬ ಕಾಗೆ. ಬಾಡಿಗೆ ಕೊಡುವವರು ನಾವು, ಮನೆಯ ಯಜಮಾನಿಕೆ ಅವುಗಳದ್ದು.

ಬೇಸಿಗೆ ಬಂತೆಂದರೆ ಅವ್ವ ಮತ್ತು ಗಿರಿಜಾ ವರ್ಷಕ್ಕಾಗುವಷ್ಟು ಹಪ್ಪಳ ಸಂಡಿಗೆ ಮಾಡಿ, ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಒಣಗಿಸುತ್ತಿದ್ದರು. ಕಾಗೆಗಳು ಅದನ್ನು ತಮ್ಮ ವರ್ಷದ ಹಬ್ಬವೆಂದು ಭಾವಿಸಿದ್ದವು. ಅವುಗಳ ಕೆಲಸದ ಚಂದ ನೋಡಬೇಕು! ಒಂದು ಕಾಗೆ ಗಿರಿಜಾಳ ಎದುರಿಗೇ ಬಂದು ಧೋತರದ ತುದಿ ಜಗ್ಗುತ್ತಿತ್ತು. ಇವಳು ಕೋಲು ಹಿಡಿದು ಅದರ ಬೆನ್ನು ಹತ್ತುತ್ತಿದ್ದಳು. ಅಷ್ಟರಲ್ಲಿ ಇನ್ನೆರಡು ಹಿಂದಿನಿಂದ ಇಳಿದು ಸಂಡಿಗೆ ಎತ್ತುತ್ತಿದ್ದವು. ಎತ್ತಿದ್ದರಲ್ಲಿ ಧೋತರ ಜಗ್ಗಿದ ಕಾಗೆಗೂ ಪಾಲು ಸಿಗುತ್ತಿತ್ತು. ಹಪ್ಪಳ ಒಣಗಿ ಗಟ್ಟಿಯಾಗಿದ್ದರೆ ಅದನ್ನು ಎದುರುಮನೆಯ ಹಸನಸಾಬರ ಸೈಕಲ್ ಅಂಗಡಿಗೆ ಒಯ್ದು, ಅವರು ಪಂಕ್ಚರ್ ನೋಡಲು ಇಟ್ಟ ಕಬ್ಬಿಣದ ಬುಟ್ಟಿಯ ನೀರಿನಲ್ಲಿ ಅದ್ದಿ, ಮೆತ್ತಗೆ ಮಾಡಿಕೊಂಡು ತಿನ್ನುತ್ತಿದ್ದವು. ಗಟ್ಟಿ ರೊಟ್ಟಿಯನ್ನು ನೀರಿನಲ್ಲಿ ಅದ್ದಬೇಕೆಂಬ ಬುದ್ಧಿ ನಮ್ಮ ಆಫೀಸಿನಲ್ಲಿ ಎಷ್ಟೋ ಜನರಿಗೆ ಇರಲಿಲ್ಲ. ಡಬ್ಬಿ ಬಿಚ್ಚಿ, ಹಲ್ಲು ಕಚ್ಚಿ, ಅದನ್ನು ಹಾಗೇ ತಿನ್ನುತ್ತಿದ್ದರು.

“ರೀ, ಈ ಕಾಗಿಗೋಳಿಗಿ ನಿಮಗಿಂತ ಬುದ್ಧಿ ಭಾಳ ಐತಿ ನೋಡ್ರಿ” ಎಂದಳು ಗಿರಿಜಾ.

ಗಂಡನಾದವನು ಇಂಥ ಮಾತನ್ನು ಕೇಳಿಕೊಂಡು ಸುಮ್ಮನಿರಬಾರದು. “ಅದು ಬುದ್ಧಿ ಅಲ್ಲ, ವಯಸ್ಸು” ಎಂದೆ. “ಕುತ್ತಿಗಿ ನೋಡು, ಬೂದ ಬಣ್ಣ ಆಗೇತಿ. ಅವೆಲ್ಲಾ ನರೆತ ಕಾಗಿ. ಊರ ಹೊರಗ ಪೂರಾ ಕರ್ರಗಿನವು ಇರತಾವಲ್ಲ, ಅವು ಹರೇದವು. ಕಾಗಿ ಗುರತಿಸಾಕ ಕಣ್ಣ ಬೇಕು.”

ಗಿರಿಜಾ ಬೇವಿನ ಮರದ ಗೂಡಿನ ಕಡೆ ಕೈ ತೋರಿಸಿದಳು. “ಹಂಗಾರ ಆ ಮರಿ ನೋಡ್ರಿ. ಬಾಯಾಗ ಇನ್ನೂ ಕೆಂಪ ಹೋಗಿಲ್ಲ, ತಾಯಿ ಕಡೆ ತುತ್ತು ಬೇಡಾಕತ್ತೈತಿ. ಅದರ ಕುತ್ತಿಗೀನೂ ಬೂದ ಐತಿ. ಅದೂ ಮುದಕೇನು?”

“ಕೆಲವರಿಗೆ ಬಾಲನೆರೆ ಬರತೈತಿ” ಎಂದೆ.

ಇಂಥ ಪಾಂಡಿತ್ಯ ನನ್ನದು! ಬೂದು ಕುತ್ತಿಗೆಯವು ಊರ ಕಾಗೆ, ಮನುಷ್ಯರ ಮಗ್ಗುಲಲ್ಲೇ ಗುಂಪುಗೂಡಿ ಬದುಕುವವು. ಪೂರಾ ಕರಿಯದಾಗಿ, ದಪ್ಪ ಕೊಕ್ಕಿದ್ದು, ಗಂಟಲು ಕಟ್ಟಿದಂತೆ ಕೂಗುವುದು ಕಾಡು ಕಾಗೆ. ಎರಡೂ ಬೇರೆ ಬೇರೆ ಮನೆತನ ಎಂದು ತಿಳಿದದ್ದು ಬಹಳ ತಡವಾಗಿ. ಆದರೆ ಆ ದಿನ ನನಗೆ ಸಂಶಯವೆಂಬುದೇ ಇರಲಿಲ್ಲ. ಸಂಡಿಗೆ ಕಾಯುವ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡುಬಿಟ್ಟೆ.

ನನ್ನಲ್ಲಿ ಒಂದು ಉಪಾಯವಿತ್ತು. ದೇವರಗುಡ್ಡದ ಕಡೆ ನಮ್ಮ ಕಂಪನಿಯ ಗೋವಿನಜೋಳದ ಹೊಲಗಳಿದ್ದವು. ಅಲ್ಲೊಬ್ಬ ರೈತರು ಸತ್ತ ಕಾಗೆಯೊಂದನ್ನು ಗಳಕ್ಕೆ ತಲೆಕೆಳಗಾಗಿ ಕಟ್ಟಿದ್ದರು. ಆ ಹೊಲದ ಹತ್ತಿರ ಒಂದು ಕಾಗೆಯೂ ಸುಳಿದಿರಲಿಲ್ಲ. ಆದರೆ ಸತ್ತ ಕಾಗೆಯನ್ನು ಮನೆಗೆ ತಂದರೆ ಅವ್ವ ನನ್ನನ್ನೇ ಗಳಕ್ಕೆ ಕಟ್ಟುತ್ತಿದ್ದಳು. ಆದ್ದರಿಂದ ಕಾಗೆಯನ್ನು ನಾನೇ ತಯಾರಿಸಬೇಕೆಂದು ತೀರ್ಮಾನಿಸಿದೆ.

ಮನೆಯಲ್ಲಿ ಕಂಪನಿಯವರು ಉಡುಗೊರೆ ಕೊಟ್ಟ ಕರಿ ಛತ್ರಿ ಇತ್ತು. ಒಂದು ಗಾಳಿಗೆ ಹರಿದು ಮೂಲೆ ಸೇರಿತ್ತು. ಅದರ ಬಟ್ಟೆ ಕತ್ತರಿಸಿ, ಒಳಗೆ ಹಳೆಯ ಅರಿವೆ ತುರುಕಿ, ಎರಡು ರೆಕ್ಕೆ ಜೋಲುಬಿಟ್ಟು, ಸೂಜಿಯಿಂದ ಕೈ ಚುಚ್ಚಿಸಿಕೊಂಡು ಒಂದು ಕಾಗೆ ಹೊಲಿದೆ. ಶಾಸ್ತ್ರಕ್ಕೆ ಲೋಪ ಬರಬಾರದೆಂದು ಅವ್ವನ ವಿಭೂತಿ ಗಟ್ಟಿ ತಂದು ಕುತ್ತಿಗೆಗೆ ಬೂದು ಬಣ್ಣವನ್ನೂ ಹಚ್ಚಿದೆ. ಒಂದು ರೆಕ್ಕೆಯ ಮೇಲೆ ಕಂಪನಿಯ ಬಿಳಿ ಅಕ್ಷರಗಳು ಹಾಗೇ ಉಳಿದಿದ್ದವು: ‘ಉತ್ತಮ ಬೀಜ’.

ಗಿರಿಜಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಇದು ಸತ್ತ ಕಾಗಿ ಹಂಗ ಕಾಣವಲ್ದರಿ. ಸತ್ತ ಛತ್ರಿ ಹಂಗ ಕಾಣತೈತಿ.”

ರವಿವಾರ ಬೆಳಿಗ್ಗೆ ಮಾಳಿಗೆ ಹತ್ತಿದೆ. ದೇವರಗುಡ್ಡದ ರೈತರು ಬಹುಶಃ ಕತ್ತಲಿದ್ದಾಗ ಹೋಗಿ, ಯಾವ ಕಾಗೆಯ ಕಣ್ಣಿಗೂ ಬೀಳದಂತೆ ಕಟ್ಟಿ ಬಂದಿರಬೇಕು. ನಾನು ಹಾಗೆ ಮಾಡಲಿಲ್ಲ. ಹಾಡುಹಗಲಲ್ಲಿ, ಬೇವಿನ ಮರಕ್ಕೆ ಮುಖ ಕೊಟ್ಟು ನಿಂತು, ಆ ಬಟ್ಟೆಯ ಕಾಗೆಯ ಕಾಲು ಹಿಡಿದು, ಎಲ್ಲರಿಗೂ ಸರಿಯಾಗಿ ಕಾಣಲೆಂದು ಎತ್ತಿ ಎತ್ತಿ ಅಲ್ಲಾಡಿಸಿದೆ. “ನೋಡ್ರಪಾ! ಸಂಡಿಗಿಗಿ ಬಂದ್ರ ಇದ ಗತಿ!” ಎಂದು ಭಾಷಣವನ್ನೂ ಮಾಡಿದೆ.

ಮರದ ತುದಿಯಲ್ಲಿದ್ದ ಒಂದು ಕಾಗೆ ಕತ್ತು ಓರೆ ಮಾಡಿ ಮೊದಲು ಬಟ್ಟೆಯನ್ನು ನೋಡಿತು. ಆಮೇಲೆ ನನ್ನ ಮುಖ ನೋಡಿತು. ಬಹಳ ಹೊತ್ತು ನೋಡಿತು. ನಂತರ ಒಂದು ಕೂಗು ಕೂಗಿತು. ಅದು ದಿನಾ ಕೇಳುವ ‘ಕಾ’ ಆಗಿರಲಿಲ್ಲ. ಎದೆ ಸೀಳಿ ಬಂದಂಥ, ಉದ್ದನೆಯ, ಒಡೆದ ಕೂಗು.

ಅಷ್ಟೇ! ಸ್ಟೇಷನ್ ಕಡೆಯಿಂದ ಬಂದವು. ಕೆರೆಯ ಕಡೆಯಿಂದ ಬಂದವು. ಮಾರ್ಕೆಟ್ಟಿನ ತಗಡಿನ ಮೇಲೆ ಕೂತವು ತಮ್ಮ ವ್ಯಾಪಾರ ಬಿಟ್ಟು ಬಂದವು. ಬೇವಿನ ಮರದಲ್ಲಿ ಎಲೆ ಕಾಣದಾಯಿತು. ವಿದ್ಯುತ್ ತಂತಿ ತುಂಬಿತು, ಹಸನಸಾಬರ ಅಂಗಡಿಯ ಹೆಂಚು ತುಂಬಿತು. ಎಲ್ಲವೂ ಸೇರಿ ಒಂದೇ ದನಿಯಲ್ಲಿ ಗೋಳಿಟ್ಟವು. ನಾನು ಗಡಿಬಿಡಿಯಿಂದ ಬಟ್ಟೆಯ ಕಾಗೆಯನ್ನು ಮಾಳಿಗೆಯ ಮೇಲಿದ್ದ ಗಳಕ್ಕೆ ಕಟ್ಟಿ, ನೀರಿನ ಟಾಕಿಯ ಮರೆಗೆ ಅಡಗಿ ಕೂತೆ.

ಕೂತಲ್ಲಿಂದ ಒಂದು ಸಂಗತಿ ಕಂಡಿತು. ಧೋತರದ ಮೇಲೆ ಸಂಡಿಗೆ ಹರವಿತ್ತು. ಕೋಲು ಹಿಡಿದು ಕಾಯುವವರು ಯಾರೂ ಇರಲಿಲ್ಲ. ಅಷ್ಟು ಕಾಗೆಗಳಲ್ಲಿ ಒಂದೇ ಒಂದು ಕಾಗೆಯೂ ಸಂಡಿಗೆ ಮುಟ್ಟಲಿಲ್ಲ! ತಮ್ಮವರಲ್ಲೊಬ್ಬರು ಹೋದರೆಂದು ಬಂದಿದ್ದವು, ಅತ್ತವು, ಅಷ್ಟೇ. ಅವು ಗುಂಪಿನಲ್ಲಿರುವುದು ಬರೀ ಕದಿಯುವುದಕ್ಕಲ್ಲ ಎಂದು ನನಗೆ ಮೊದಲ ಸಲ ತಿಳಿಯಿತು.

ಕೆಳಗೆ ಓಣಿಯಲ್ಲಿ ಜನ ಸೇರಿದ್ದರು. ಹಿರಿಯರಿಬ್ಬರು ಹೆಗಲಿಗೆ ಟವೆಲ್ ಹಾಕಿಕೊಂಡು ಬಂದೇಬಿಟ್ಟಿದ್ದರು. ಅವ್ವ ಗಟ್ಟಿಮುಟ್ಟಾಗಿ ಬಾಗಿಲಿಗೆ ಬಂದದ್ದನ್ನು ಕಂಡು ಅವರ ಮುಖ ಸ್ವಲ್ಪ ಸಪ್ಪಗಾಯಿತು. ಹಸನಸಾಬರು ಮೇಲೆ ನೋಡಿ ಕೂಗಿದರು: “ಶಂಕರಣ್ಣ! ಯಾರು ತೀರಕೊಂಡ್ರಿ?”

“ಛತ್ರಿ!” ಎಂದೆ ಟಾಕಿಯ ಹಿಂದಿನಿಂದ.

“ಹಾಂ? ಯಾ ಛತ್ರಿ? ಚಳಗೇರಿ ಕಡೆಯಾವ್ರೇನ್ರಿ?”

ಮರುದಿನದಿಂದ ನನ್ನ ಶಿಕ್ಷೆ ಶುರುವಾಯಿತು. ಆಫೀಸಿಗೆಂದು ಹೊಸ್ತಿಲು ದಾಟಿದ ಕೂಡಲೇ ಬೇವಿನ ಮರದಿಂದ ಒಂದು ಕಾಗೆ ಕೂಗಿ ಹೇಳುತ್ತಿತ್ತು, ಉಳಿದವು ನನ್ನ ತಲೆಯ ಮೇಲೆ ಎರಗುತ್ತಿದ್ದವು. ಗಿರಿಜಾ ಹೊರಬಂದರೆ ಏನೂ ಇಲ್ಲ. ಹಸನಸಾಬರು ಓಡಾಡಿದರೆ ಏನೂ ಇಲ್ಲ. ಕೊಲೆಗಾರ ನಾನೊಬ್ಬನೇ! ಬೇರೆ ಅಂಗಿ ಹಾಕಿ ನೋಡಿದೆ, ಬಿಡಲಿಲ್ಲ. ಹಸನಸಾಬರ ಕರೀ ಚಸ್ಮಾ ಬೇಡಿ ಹಾಕಿಕೊಂಡೆ, ಬಿಡಲಿಲ್ಲ. ಸುಡುಬಿಸಿಲಿನಲ್ಲಿ ಉಣ್ಣೆಯ ಕುಲಾವಿ ಕಟ್ಟಿಕೊಂಡು ಹೋದೆ. ಕಾಗೆಗಳು ಬಿಡಲಿಲ್ಲ, ಅದರ ಜೊತೆಗೆ ನಾಯಿಗಳೂ ಬೆನ್ನು ಹತ್ತಿದವು.

“ಚಸ್ಮಾ ಬದಲಿ ಮಾಡಿದ್ರ ಆಗೂದಿಲ್ರಿ” ಎಂದರು ಹಸನಸಾಬರು, ಚಸ್ಮಾ ಒರೆಸಿಕೊಳ್ಳುತ್ತ. “ಮುಖಾನ ಬದಲಿ ಮಾಡಬೇಕು. ಅದಕ್ಕ ನನ್ನ ಕಡೆ ಸಾಮಾನ ಇಲ್ಲ.”

ಕಾಗೆಗಳು ಪಾಳಿ ಹಚ್ಚಿಕೊಂಡಿದ್ದವು. ಓಣಿಯವು ರಸ್ತೆಯ ತಿರುವಿನ ತನಕ ಕಳಿಸಿಕೊಟ್ಟರೆ, ಅಲ್ಲಿಂದ ಮಾರ್ಕೆಟ್ಟಿನವು ನನ್ನನ್ನು ವಹಿಸಿಕೊಳ್ಳುತ್ತಿದ್ದವು. ಮಾರ್ಕೆಟ್ಟಿನ ಎಷ್ಟೋ ಕಾಗೆಗಳು ಆ ದಿನ ನಮ್ಮ ಮಾಳಿಗೆಯ ಕಡೆ ಬಂದೇ ಇರಲಿಲ್ಲ. ಆದರೂ ಅವಕ್ಕೆ ಸುದ್ದಿ ಮುಟ್ಟಿತ್ತು! ನಮ್ಮ ಮ್ಯಾನೇಜರು ಇಷ್ಟು ವರ್ಷವಾದರೂ ನನ್ನನ್ನು ‘ಶಿವಾನಂದ’ ಎಂದೇ ಕರೆಯುತ್ತಿದ್ದರು. ಒಂದು ಬೆಳಗ್ಗೆ, ಒಂದೇ ಸಲ ನೋಡಿ ನನ್ನ ಮುಖವನ್ನು ನೆನಪಿಟ್ಟುಕೊಂಡು, ಗೊತ್ತಿಲ್ಲದವರಿಗೂ ಗುರುತು ಹೇಳಿಕೊಟ್ಟವು ಕಾಗೆಗಳು. ಕೈಯಿಂದ ತಲೆ ಮುಚ್ಚಿಕೊಂಡು ಓಡುವಾಗಲೂ ನನಗೆ ಅವುಗಳ ಮೇಲೆ ಗೌರವ ಹೆಚ್ಚುತ್ತಲೇ ಹೋಯಿತು. ನನ್ನನ್ನು ಇಷ್ಟು ಗಂಭೀರವಾಗಿ ಪರಿಗಣಿಸಿದವರು ಊರಿನಲ್ಲಿ ಬೇರೆ ಯಾರಿದ್ದರು?

ಇಷ್ಟಕ್ಕೇ ನಿಂತಿದ್ದರೆ ತಡೆದುಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಒಂದು ಕಾಗೆ ನೇರವಾಗಿ ಇಳಿದು, ಎರಡೂ ಕಾಲು ನನ್ನ ನೆತ್ತಿಯ ಮೇಲೆ ಊರಿ, ಒಂದಿಷ್ಟು ಕೂದಲು ಕಿತ್ತುಕೊಂಡು ಹೋಯಿತು. ಬಾಗಿಲಲ್ಲಿ ನಿಂತಿದ್ದ ಅವ್ವ ನೋಡಿಬಿಟ್ಟಳು. ಕೈಯಲ್ಲಿದ್ದ ಚರಗಿ ಠಣ್ಣೆಂದು ಕೆಳಗೆ ಬಿತ್ತು.

“ಅಯ್ಯ ಶಿವನ! ಕಾಗಿ ತಲಿ ಮುಟ್ಟಿತು!”

ನಮ್ಮ ಕಡೆ ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರ ಬಂತೆಂದು ಅರ್ಥ. ಅದಕ್ಕೆ ಪರಿಹಾರವೂ ಉಂಟು. ಒಡಹುಟ್ಟಿದವರಿಗೋ ಬಂಧುಗಳಿಗೋ ‘ಸತ್ತ’ ಎಂದು ಸುಳ್ಳು ಸುದ್ದಿ ಕಳಿಸಬೇಕು. ಅವರು ಅದನ್ನು ನಂಬಿ ಅಳಬೇಕು. ಕಣ್ಣೀರು ಬಿದ್ದರೆ, ಇಲ್ಲಿ ಕೆಲಸ ಮುಗಿದಿದೆಯೆಂದು ತಿಳಿದು ಸಾವು ಬಂದ ದಾರಿ ಹಿಡಿಯುತ್ತದೆ. ಆಮೇಲೆ ನಿಜ ಹೇಳಿ ಬೈಸಿಕೊಳ್ಳಬೇಕು.

“ಅವ್ವ, ಅದು ನನ್ನ ಮ್ಯಾಲಿನ ಸಿಟ್ಟಿಗೆ ಮುಟ್ಟೇತಿ, ಸಾವಿಗಲ್ಲ” ಎಂದೆ.

“ಯಾತಕ್ಕರೆ ಮುಟ್ಟಲಿ, ಮುಟ್ಟಿದ್ದು ಮುಟ್ಟಿದ್ದ. ನಿಮ್ಮಕ್ಕ ನೀಲವ್ವಗ ತಾರ ಕೊಡು.”

“ಅದರ ಬದಲಿ ನೀನ ಅತ್ತಬಿಡು. ತಾರಿನ ಖರ್ಚರೆ ಉಳೀತೈತಿ.”

“ನೀ ಎದುರಿಗಿ ಗುಂಡಕಲ್ಲಿನಂಗ ನಿಂತೀದಿ. ನಾ ಹೆಂಗ ನಂಬಿ ಅಳಲೋ?” ಎಂದಳು ಅವ್ವ. ಆಮೇಲೆ ದನಿ ಇಳಿಯಿತು. “ನಿಮ್ಮಪ್ಪ ಹೋದಾಗ ಯಾ ಕಾಗೀನೂ ಬಂದು ಹೇಳಲಿಲ್ಲ. ಈಗ ಹೇಳೇತಿ, ಕೇಳೋ ಶಂಕರಾ. ನಿನ್ನ ಹೆಸರೀಲೆ ಒಂದು ಹನಿ ಕಣ್ಣೀರ ಬೀಳೂತನಕ ನನ್ನ ಗಂಟಲದಾಗ ತುತ್ತು ಇಳಿಯಂಗಿಲ್ಲ.”

ಅವ್ವ ಬಿದ್ದ ಚರಗಿಯನ್ನೂ ಎತ್ತದೆ ಒಳಗೆ ಹೋದಳು. ಅದನ್ನು ನೋಡಿ ನನ್ನ ವಿಜ್ಞಾನವೆಲ್ಲ ಬಾಯಿ ಮುಚ್ಚಿಕೊಂಡಿತು. ಆ ದಿನ ಅವಳು ಉಣ್ಣಲಿಲ್ಲ. ಮಾರನೆಯ ದಿನ ಚಹವನ್ನೂ ಮುಟ್ಟಲಿಲ್ಲ. ಇನ್ನು ತಡಮಾಡಿದರೆ ಸುಳ್ಳು ತಾರಿನ ಬದಲು ನಿಜವಾದ ತಾರನ್ನೇ ಕಳಿಸಬೇಕಾದೀತೆಂದು ಗಿರಿಜಾ ಎಚ್ಚರಿಸಿದಳು. ಹೀಗಾಗಿ ನಾನು ಸಾಯಲು ಒಪ್ಪಿಕೊಂಡೆ.

ನೀಲಕ್ಕ ನನ್ನ ಅಕ್ಕ, ಬ್ಯಾಡಗಿಗೆ ಕೊಟ್ಟಿತ್ತು. ಸಣ್ಣವನಿದ್ದಾಗ ನನ್ನ ಮೊಣಕಾಲು ತರಚಿದರೆ ನನಗಿಂತ ಮೊದಲು ಅವಳು ಅಳುತ್ತಿದ್ದಳು. ಆದ್ದರಿಂದ ಅಳುವಿನ ವಿಷಯದಲ್ಲಿ ನನಗೆ ಚಿಂತೆ ಇರಲಿಲ್ಲ. ಒಳಗೊಳಗೇ ಸ್ವಲ್ಪ ಖುಷಿಯೂ ಆಗಿತ್ತೆನ್ನಿ. ತಾನು ಸತ್ತರೆ ಯಾರು ಎಷ್ಟು ಅಳುತ್ತಾರೆಂದು ಬದುಕಿದ್ದಾಗಲೇ ತಿಳಿಯುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ?

ನನ್ನ ಯೋಜನೆ ಬಹಳ ಮಾನವೀಯವಾಗಿತ್ತು. ತಾರು ಕೊಟ್ಟು, ಸ್ವಲ್ಪ ಹೊತ್ತು ತಡೆದು, ಬಸ್ಸು ಹತ್ತಿ ನಾನೇ ಬ್ಯಾಡಗಿಗೆ ಹೋಗುವುದು. ಅಕ್ಕ ಮನಸಾರೆ ಅತ್ತು ಮುಗಿಸುವ ಹೊತ್ತಿಗೆ ಬಾಗಿಲಲ್ಲಿ ನಿಂತು ‘ಅಕ್ಕಾ’ ಎನ್ನುವುದು.

ತಾರು ಆಫೀಸಿನ ಗುಮಾಸ್ತರು ನನ್ನ ಒಕ್ಕಣೆ ಓದಿ ಮುಖ ಸಣ್ಣದು ಮಾಡಿದರು. ಆಗ ತಾರು ಎಂದರೆ ಟೆಲಿಗ್ರಾಂ, ಅದೂ ಇಂಗ್ಲಿಷಿನಲ್ಲಿ, ಚುಟುಕಾಗಿ.

“ಛೇ ಛೇ. ಭಾಳ ವಯಸ್ಸಾಗಿತ್ತೇನ್ರಿ?”

“ಇಲ್ರಿ. ನನ್ನ ವಯಸ್ಸ.”

“ನಿಮಗ ಏನಾಗಬೇಕ್ರಿ ಅವರು?”

“ಭಾಳ ಹತ್ತರದವ್ರು” ಎಂದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

“ಧೈರ್ಯ ತಗೋರಿ. ಕೆಳಗ ಕಳಸಾವ್ರ ಹೆಸರ ಬರದಕೊಡ್ರಿ” ಎಂದರು. ದಿನಾ ನೂರಾರು ಬೀಜದ ಚೀಟಿಗಳ ಕೆಳಗೆ ಸಹಿ ಮಾಡುವ ಕೈ ನನ್ನದು. ದುಂಡಗೆ ಬರೆದುಕೊಟ್ಟೆ.

ಬಸ್ ಸ್ಟ್ಯಾಂಡಿಗೆ ಹೋದರೆ ಬ್ಯಾಡಗಿಯ ಮೇಲೆ ಹೋಗುವ ಬಸ್ಸು ನಿಂತಿತ್ತು. ಅದರ ಬೋರ್ಡು ನೋಡಿ ಒಂದು ಹೆಜ್ಜೆ ಹಿಂದಿಟ್ಟೆ. ‘ಕಾಗಿನೆಲೆ’! ಅಂಥ ಪುಣ್ಯದ ಊರಿನ ಹೆಸರು ಓದಿ ಹೆದರಿದವನು ನಾನೊಬ್ಬನೇ ಇರಬೇಕು. ಬೇರೆ ಬಸ್ಸಿಗೆ ಬಹಳ ಹೊತ್ತಿದೆಯೆಂದು ತಿಳಿದು, ಕಾಗೆಗಳನ್ನು ನೆನೆದು ಹತ್ತಿದೆ.

ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತಿತು. ಡ್ರೈವರ್ ಚಹಕ್ಕೆ ಇಳಿದರು. ಕಿಟಕಿಗೆ ಬಿಸಿ ಬಿಸಿ ಮಿರ್ಚಿಭಜಿ ಬಂತು. ಸತ್ತವನಿಗೂ ಹಸಿವಾಗುತ್ತದೆ, ಒಂದು ಪೊಟ್ಟಣ ತೆಗೆದುಕೊಂಡೆ. ಚಹದಂಗಡಿಯ ತಗಡಿನ ಮೇಲೆ ಒಂದು ಕಾಗೆ ಕೂತಿತ್ತು. ತಲೆಯನ್ನು ಕಿಟಕಿಯಿಂದ ಒಳಗೆಳೆದುಕೊಂಡೆ. ಆದರೆ ಅದು ನನ್ನನ್ನು ನೋಡಿ ಸುಮ್ಮನಿತ್ತು. ಮೋಟೆಬೆನ್ನೂರಿನ ಕಾಗೆಗಳಿಗೆ ನನ್ನ ಪರಿಚಯವಿರಲಿಲ್ಲ! ಸಂತೋಷದಿಂದ ಒಂದು ತುಂಡು ಭಜಿ ಎಸೆದೆ. ಅದು ಭಜಿಯ ಹತ್ತಿರ ಬಂದು, ತಿನ್ನುವ ಮೊದಲು ಕತ್ತೆತ್ತಿ ‘ಕಾ ಕಾ’ ಎಂದು ತನ್ನವರನ್ನು ಕರೆಯಿತು. ನಾನು ಉಳಿದ ಭಜಿಯನ್ನು ಪಕ್ಕದವರಿಗೆ ಕಾಣದಂತೆ ಪೊಟ್ಟಣದೊಳಗೇ ಮುರಿದು ತಿನ್ನುತ್ತಿದ್ದೆ. ಅದರ ಮುಂದೆ ನನಗೆ ನಾಚಿಕೆಯಾಯಿತು. ಆದರೂ ಬಾಯ್ತುಂಬ ಇನ್ನೊಂದು ತುತ್ತು ಇಟ್ಟುಕೊಂಡೆ.

ಆಗ ಬ್ಯಾಡಗಿಯ ಕಡೆಯಿಂದ ಒಂದು ಬಸ್ಸು ಬಂದು ನಮ್ಮ ಬಸ್ಸಿನ ಮಗ್ಗುಲಿಗೇ ನಿಂತಿತು. ಅದರ ಕಿಟಕಿ ನನ್ನ ಕಿಟಕಿಗೆ ಎದುರಾಯಿತು. ಆ ಕಿಟಕಿಯಲ್ಲಿ ನೀಲಕ್ಕ!

ನಮ್ಮ ತಾರು ಆಫೀಸು ಅದೊಂದು ದಿನ ಅಷ್ಟು ಚುರುಕಾಗಿ ಕೆಲಸ ಮಾಡೀತೆಂದು ಯಾರು ತಿಳಿದಿದ್ದರು? ತಾರು ಕೈಗೆ ಸೇರಿದ ತಕ್ಷಣ ಅವಳು ಹೊರಟಿದ್ದಳು. ಹೀಗೆ ಮೃತನೂ ಅವನ ಸಾವಿಗೆ ಹೊರಟವಳೂ ಮೋಟೆಬೆನ್ನೂರಿನಲ್ಲಿ ಮುಖಾಮುಖಿಯಾದೆವು. ನನ್ನ ಬಾಯಿಯಿಂದ ಅರ್ಧ ಮಿರ್ಚಿ ಹೊರಗಿತ್ತು.

“ಶಂಕ್ರ್ಯಾ!”

ಆ ಕೂಗಿಗೆ ತಗಡಿನ ಮೇಲಿನ ಕಾಗೆ ಹಾರಿಹೋಯಿತು. ಅಕ್ಕ ತನ್ನ ಬಸ್ಸಿನಿಂದ ಇಳಿದು, ನನ್ನ ಬಸ್ಸು ಹತ್ತಿ, ಜನರನ್ನು ಸರಿಸಿಕೊಂಡು ಬಂದೇಬಿಟ್ಟಳು. ಒಂದು ಕೈಯಲ್ಲಿ ತಾರು, ಇನ್ನೊಂದು ಕೈಯಲ್ಲಿ ಒಂದು ಬಟ್ಟೆಯ ಚೀಲ.

“ಏನೋ ಇದು? ನಮ್ಮ ಮನಿಯವ್ರ ಕಡೆ ಓದಿಸಿದ್ನಿ. ‘ಶಂಕರ ತೀರಿಕೊಂಡ, ಲಗೂ ಹೊರಡು, ಇಂತಿ ಶಂಕರ’ ಅಂತ ಐತಿ! ಯಾ ಸತ್ತಾಂವ ತಾನ ಹೋಗಿ ತಾರ ಕೊಟ್ಟ ಬರ್ತಾನೋ?”

ನನ್ನ ದುಂಡಗಿನ ಸಹಿ ಕಣ್ಣ ಮುಂದೆ ಬಂತು. “ಅಕ್ಕ, ಕಾಗಿ ತಲಿ ಮುಟ್ಟಿತ್ತು, ಅದಕ್ಕ...” ಎಂದೆ. ಬಾಯಲ್ಲಿ ಭಜಿ ಇದ್ದದ್ದರಿಂದ ಮಾತು ಸ್ಪಷ್ಟವಾಗಿ ಹೊರಡಲಿಲ್ಲ. ನನಗೆ ಬೇರೊಂದು ಚಿಂತೆ ಹತ್ತಿತ್ತು. ಅವ್ವ ಮನೆಯಲ್ಲಿ ಉಪವಾಸ ಕೂತಿದ್ದಳು. “ಅಕ್ಕ, ನೀ ಅತ್ತಿಯೋ ಇಲ್ಲೋ? ಅದನ್ನ ಮೊದಲ ಹೇಳು!”

ಅಕ್ಕ ನನ್ನನ್ನೇ ದಿಟ್ಟಿಸಿದಳು. “ಖರೇ ಅಂತ ತಿಳದು ಅಳಬೇಕಂದ್ರ ನಿನ್ನ ಸಹಿ ಅಡ್ಡ ಬರಾಕತ್ತಿತ್ತು. ಸುಳ್ಳ ಅಂತ ತಿಳದು ನಗಬೇಕಂದ್ರ ಎದಿ ಕೇಳವಲ್ದಾಗಿತ್ತು. ಒಂದ ಕೆಲಸ ಸರಿಯಾಗಿ ಮಾಡಾಂವ ಅಲ್ಲ ನೀ, ಸಾಯೂದನ್ನೂ ಅರ್ಧಾಮರ್ಧಾನ ಮಾಡಿರತೀದಿ ಅಂತ ಬಸ್ಸಿನ್ಯಾಗ ಕುಂತ ಹಲ್ಲ ಕಚ್ಚಿ ತಡಕೊಂಡ ಬಂದೇನಿ. ಇಲ್ಲಿ ನೋಡಿದ್ರ ಭಜಿ ತಿನ್ನಾಕತ್ತೀಯೇನೋ, ಭಾಡ್ಯಾ!”

ಎನ್ನುತ್ತಲೇ ಚೀಲ ಎತ್ತಿ ನನ್ನ ತಲೆಯ ಮೇಲೆ ಹೊಡೆದಳು, ಸರಿಯಾಗಿ ಕಾಗೆ ಮುಟ್ಟಿದ ಜಾಗಕ್ಕೇ.

ಚೀಲದಲ್ಲಿ ಒಣಮೆಣಸಿನಕಾಯಿ ಇತ್ತು! ಸುದ್ದಿ ಸುಳ್ಳಾಗಿದ್ದರೆ ಬರಿಗೈಯಲ್ಲಿ ತವರಿಗೆ ಹೋದ ಹಾಗಾಗಬಾರದೆಂದು, ಅವ್ವನ ವರ್ಷದ ಖಾರಕ್ಕೆ ಹೊತ್ತು ತಂದಿದ್ದಳು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರು, ಖಾರ ಅಷ್ಟಿರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರು ತುಂಬಿದ ಬಸ್ಸಿನಲ್ಲಿ ಅದರ ಚೀಲ ಒಡೆದಾಗ ಕೂತಿರುವುದಿಲ್ಲ. ಮೊದಲು ನಾನು ಸೀನಿದೆ. ಪಕ್ಕದವರು ಸೀನಿದರು. ಹಿಂದಿನ ಸೀಟಿನ ತನಕ ಸೀನು ಹರಿದಾಡಿ, ಇಡೀ ಬಸ್ಸು ಕಣ್ಣೀರು ಸುರಿಸಿತು. ಡ್ರೈವರ್ ಹತ್ತಿ ಬಂದು, ಎಲ್ಲರೂ ಅಳುವುದನ್ನು ಕಂಡು ಮತ್ತೆ ಇಳಿದರು. ಕಂಡಕ್ಟರ್ ಮೂಗು ಒರೆಸಿಕೊಳ್ಳುತ್ತ ಕೇಳಿದರು: “ಯಾರ ಸತ್ತಾರ್ರೀ ಬಾಯಾರ?”

“ಇಂವ!” ಎಂದು ಅಕ್ಕ ನನ್ನನ್ನು ತೋರಿಸಿದಳು.

ಆದರೆ ನಾನೊಂದು ಮಾತು ಹೇಳಲೇಬೇಕು. ಚೀಲ ಒಡೆದದ್ದು ಆಮೇಲೆ. ಅವಳು ಅದನ್ನು ಎತ್ತುವಾಗಲೇ ಅವಳ ಕೆನ್ನೆ ತೊಯ್ದಿತ್ತು. ನಾನು ನೋಡಿದ್ದೆ. ನನಗೆ ಅಷ್ಟು ಸಂತೋಷ, ಅಷ್ಟು ನಾಚಿಕೆ, ಎರಡೂ ಒಟ್ಟಿಗೆ ಮತ್ತೆಂದೂ ಆಗಿಲ್ಲ.

ಉಳಿದ ಮೆಣಸಿನಕಾಯಿ ಆರಿಸಿಕೊಂಡು, ಅಕ್ಕನ ಬಸ್ಸಿಗೇ ಹತ್ತಿ ಇಬ್ಬರೂ ರಾಣೆಬೆನ್ನೂರಿಗೆ ಬಂದೆವು. ಓಣಿಯಲ್ಲಿ ಕಾಗೆಗಳು ನನ್ನನ್ನು ಕಂಡು ಎರಗಿದವು. ಅಕ್ಕ ಸೆರಗಿನಿಂದ ನನ್ನ ತಲೆ ಮುಚ್ಚಿ ಒಳಗೆ ಕರೆತಂದಳು. ಅವ್ವ ಬಾಗಿಲಲ್ಲೇ ಕೂತಿದ್ದಳು.

“ನೀಲವ್ವ, ಅತ್ತಿಯೇನ?”

“ಅತ್ನಿ. ಮೆಣಸಿನಕಾಯಿಗಿ” ಎಂದಳು ಅಕ್ಕ, ನನ್ನ ಕಡೆ ನೋಡದೆ. ಸಿಟ್ಟು ಇಳಿದಿರಲಿಲ್ಲ.

ಅವ್ವನ ಮುಖ ಬಾಡಿತು. “ಹಂಗಾರ ಅದು ನಡೆಯಂಗಿಲ್ಲ. ಗಿರಿಜವ್ವ, ದೇವರಗುಡ್ಡದ ಸೋದರತ್ತಿಗಿ ಇನ್ನೊಂದು ತಾರ ಕೊಡಬೇಕಾತು.”

“ಈ ಸಲ ಸಹಿ ನಾ ಮಾಡತೇನ್ರಿ ಅತ್ತಿ” ಎಂದಳು ಗಿರಿಜಾ.

ಅಕ್ಕ ಗಾಬರಿಯಾದಳು. “ಬ್ಯಾಡವ್ವ! ಇನ್ನೊಬ್ಬರ ಎದಿ ಒಡಿಸಬ್ಯಾಡ್ರಿ. ಅತ್ತೇನಿ, ಖರೇನ ಅತ್ತೇನಿ. ಇಂವನ ಮಾರಿ ಕಂಡಕೂಡಲೆ ತಡಿಯಾಕ ಆಗಲಿಲ್ಲ.”

“ಅಂವ ಬದುಕಿದ್ದಕ್ಕ ಅತ್ತಿಯೋ, ಸತ್ತ ಅಂತ ಅತ್ತಿಯೋ?”

“ಇಂಥಾಂವ ನಮ್ಮ ತಮ್ಮ ಆದ್ನಲ್ಲ ಅಂತ ಅತ್ನಿ!”

ಅವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. “ಯಾತಕ್ಕರೆ ಅಳು, ಅತ್ತದ್ದು ಅತ್ತದ್ದ. ದೋಷ ಹೋತು. ಗಿರಿಜವ್ವ, ಎಲಿ ಹಾಕು.”

ಆ ದಿನ ಅವ್ವ ಹೊಟ್ಟೆ ತುಂಬ ಉಂಡಳು. ಹೊಸ ಸಂಡಿಗೆಯನ್ನೂ ಕರಿದರು. ನಾನು ಒಂದು ಹಿಡಿ ಸಂಡಿಗೆ ತೆಗೆದುಕೊಂಡು ಮಾಳಿಗೆ ಹತ್ತಿದೆ. ಕಾಗೆಗಳಿಗೆ ಕೊಟ್ಟು, ಇದಕ್ಕೆಲ್ಲ ಕಾರಣವಾದ ಆ ಬಟ್ಟೆಯನ್ನು ಬಿಚ್ಚಿ ಒಗೆದು, ರಾಜಿ ಮಾಡಿಕೊಳ್ಳೋಣವೆಂದು ನನ್ನ ಆಲೋಚನೆ. ಸಂಡಿಗೆ ಇಟ್ಟೆ. ಗಳದಿಂದ ಬಟ್ಟೆ ಬಿಚ್ಚಿ ಕೈಗೆ ತೆಗೆದುಕೊಂಡೆ. ತೆಗೆದುಕೊಂಡ ಮೇಲೆ ನೆನಪಾಯಿತು!

ಬೇವಿನ ಮರದಿಂದ ಅದೇ ಉದ್ದನೆಯ, ಒಡೆದ ಕೂಗು. ಮತ್ತೆ ಸ್ಟೇಷನ್ ಕಡೆಯಿಂದ, ಕೆರೆಯ ಕಡೆಯಿಂದ, ಮಾರ್ಕೆಟ್ಟಿನಿಂದ ಬಂದವು. ಬಿಸಿಲಿಗೆ ಬಣ್ಣ ಹೋಗಿ, ವಿಭೂತಿ ಉದುರಿ, ‘ಉತ್ತಮ ಬೀಜ’ ಎಂದು ಬರೆದುಕೊಂಡಿದ್ದ ಆ ಚಿಂದಿಗೆ ಮತ್ತೊಮ್ಮೆ ಮನಸಾರೆ ಅತ್ತವು. ಈ ಸಲವೂ ಸಂಡಿಗೆ ಮುಟ್ಟಲಿಲ್ಲ. ನಾನು ಟಾಕಿಯ ಹಿಂದೆ ಕೂತು ಲೆಕ್ಕ ಹಾಕಿದೆ. ನನಗಾಗಿ ಒಬ್ಬಳು ಅಳಬೇಕಾದರೆ ಒಂದು ತಾರು, ಎರಡು ಬಸ್ಸು, ಒಂದು ಚೀಲ ಮೆಣಸಿನಕಾಯಿ ಬೇಕಾಯಿತು. ಛತ್ರಿಗೆ ಏನೂ ಬೇಕಾಗಲಿಲ್ಲ.

ಮುಂದೆ ಕಂಪನಿಯವರು ಮತ್ತೊಂದು ಕರಿ ಛತ್ರಿ ಕೊಟ್ಟರು. ಮೊದಲ ಮಳೆಗೆ ಅದನ್ನು ಬಗಲಲ್ಲಿಟ್ಟುಕೊಂಡು ಹೊರಟಾಗ ಗಿರಿಜಾ ಬಾಗಿಲ ತನಕ ಬಂದಳು.

“ಜ್ವಾಕಿ ರೀ” ಎಂದಳು.

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಹಾಗೆ ಹೇಳಿದ್ದು ಅಪರೂಪ. ನನಗೆ ಹೃದಯ ತುಂಬಿ ಬಂತು. “ನನಗೇನೂ ಆಗೂದಿಲ್ಲ ಬಿಡು” ಎಂದೆ.

“ನಿಮಗಲ್ರಿ, ಛತ್ರಿಗಿ. ನಿಮಗೇನರೆ ಆದ್ರ ನೀಲಕ್ಕಾರ ಒಬ್ರು ಬರ್ತಾರ. ಅದಕ್ಕ ಊರ ತುಂಬ ಬಳಗ ಐತಿ.”

ಅಂದಿನಿಂದ ಮಳೆ ಬಂದರೆ ಛತ್ರಿಯನ್ನು ಅಂಗಿಯೊಳಗೆ ಮುಚ್ಚಿಕೊಂಡು, ನಾನು ತೊಯ್ದುಕೊಂಡು ಹೋಗುತ್ತೇನೆ.